ಸಭೆ ನಡೆಸುವ ಬಗೆಗೂ ಒಂದು ಪ್ರಶಸ್ತಿ: ಆಸ್ಟ್ರೇಲಿಯದ ಮೂಲನಿವಾಸಿ ಸಂಸ್ಥೆಗಳ ಆಡಳಿತವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಆಸ್ಟ್ರೇಲಿಯದ ನಟ್ಟನಡುವೆ, ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು 520 ಕಿಲೋಮೀಟರ್ ದೂರದಲ್ಲಿ, ಕಿಂಟೋರ್ ಎಂಬ ಸಣ್ಣ ಊರಿದೆ. ಅಲ್ಲಿನ ಪಿಂಟುಪಿ ಜನ ತಮ್ಮ ಮಾತಿನಲ್ಲಿ ಅದನ್ನು ವಲುಂಗುರು ಎನ್ನುತ್ತಾರೆ. 1990ರ ದಶಕದಲ್ಲಿ ಈ ಊರಿನ ಯಾರಿಗೇ ಆಗಲಿ ಮೂತ್ರಪಿಂಡ ಕೈಕೊಟ್ಟರೆ ಅವರು ಊರು ಬಿಡಲೇಬೇಕಿತ್ತು. ವಾರಕ್ಕೆ ಮೂರು ಸಲ, ಪ್ರತಿ ಸಲವೂ ನಾಲ್ಕೈದು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂರಬೇಕು. ಆ ಯಂತ್ರ ಇದ್ದದ್ದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ. ಹಾಗೆ ಹೊರಟವರಲ್ಲಿ ಎಷ್ಟೋ ಜನ ಹಿರಿಯರು, ಯಾವ ಬಂಡೆಗೆ ಯಾವ ಕಥೆ, ಯಾವ ನೀರಿನ ಸೆಲೆಗೆ ಯಾವ ಹಾಡು ಎಂಬುದನ್ನು ಮೊಮ್ಮಕ್ಕಳಿಗೆ ಕಲಿಸಬೇಕಾದವರು. ಅವರು ಪಟ್ಟಣದಲ್ಲಿ ಒಂಟಿಯಾದರು, ಊರಿನಲ್ಲಿ ಕಲಿಸುವವರು ಇಲ್ಲವಾದರು. ಕೆಲವರು ಚಿಕಿತ್ಸೆಯನ್ನೇ ಬಿಟ್ಟು ಊರಿಗೆ ಮರಳಿ ಅಲ್ಲಿಯೇ ಕಣ್ಣು ಮುಚ್ಚಿದರು.

2000ದ ಇಸವಿಯಲ್ಲಿ ಕಿಂಟೋರ್ ಮತ್ತು ಅದರಾಚೆಯ ಕಿವಿರ್‌ಕುರ್ರ ಊರುಗಳ ಚಿತ್ರಕಾರರು ಕೂಡಿ ನಾಲ್ಕು ದೊಡ್ಡ ಚಿತ್ರಗಳನ್ನು ಬರೆದರು. ಎರಡು ಗಂಡಸರದು, ಎರಡು ಹೆಂಗಸರದು. ಆ ವರ್ಷದ ನವೆಂಬರ್‌ನಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ಆರ್ಟ್ ಗ್ಯಾಲರಿಯಲ್ಲಿ ಅವುಗಳ ಹರಾಜು ನಡೆದು 10 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೂಡಿತು. ಆ ಹಣದಿಂದ ಹುಟ್ಟಿದ ಸಂಸ್ಥೆಯ ಹೆಸರು ಪಿಂಟುಪಿ ನುಡಿಯಲ್ಲಿ ಉದ್ದವಾಗಿದೆ. ಅದರ ಅರ್ಥ, ‘ನಮ್ಮ ಮನೆಮಂದಿಯನ್ನೆಲ್ಲ ಗುಣಪಡಿಸುವುದು’. 2004ರಲ್ಲಿ ಕಿಂಟೋರ್‌ನಲ್ಲಿಯೇ ಡಯಾಲಿಸಿಸ್ ಆರಂಭವಾಯಿತು. 2011ರಲ್ಲಿ ಎರಡು ಕುರ್ಚಿಗಳನ್ನು ಅಳವಡಿಸಿದ ಲಾರಿಯೊಂದು ಮರುಭೂಮಿಯ ಊರೂರಿಗೆ ಹೊರಟಿತು. ಪಟ್ಟಣದಲ್ಲಿ ಚಿಕಿತ್ಸೆಯಲ್ಲಿರುವವರು ಊರಿನ ಸಾವಿಗೋ ಆಚರಣೆಗೋ ಹೋದಾಗ ಅಲ್ಲಿಗೇ ಯಂತ್ರವೂ ಬರುವಂತಾಯಿತು. ಆಲಿಸ್ ಸ್ಪ್ರಿಂಗ್ಸ್‌ನಲ್ಲಿರುವ ಸಂಸ್ಥೆಯ ಮನೆಗೆ ನೇರಳೆ ಬಣ್ಣ ಬಳಿದಿರುವುದರಿಂದ ಎಲ್ಲರೂ ಅದನ್ನು ಪರ್ಪಲ್ ಹೌಸ್ ಎಂದೇ ಕರೆಯುತ್ತಾರೆ. ಒಳಗೆ ಯಂತ್ರ ನಡೆಯುತ್ತಿರುತ್ತದೆ, ಹೊರಗೆ ಅಂಗಳದಲ್ಲಿ ಬೆಂಕಿ ಹಾಕಿ ಕಾಂಗರೂ ಬಾಲ ಸುಡುತ್ತಿರುತ್ತಾರೆ.

ಈ ಸಂಸ್ಥೆಗೆ 2016ರಲ್ಲಿ ಆಸ್ಟ್ರೇಲಿಯದ ಮೂಲನಿವಾಸಿ ಆಡಳಿತ ಪ್ರಶಸ್ತಿ ಬಂತು. ಪ್ರಶಸ್ತಿಯ ಹೆಸರನ್ನು ಗಮನಿಸಬೇಕು. ಅದು ಆರೋಗ್ಯ ಸೇವೆಗೆ ಕೊಡುವ ಪ್ರಶಸ್ತಿಯಾಗಿರಲಿಲ್ಲ, ಸಮಾಜಸೇವೆಗೆ ಕೊಡುವ ಪ್ರಶಸ್ತಿಯೂ ಆಗಿರಲಿಲ್ಲ. ಮುಂದಿನ ಯಂತ್ರ ಯಾವ ಊರಿಗೆ ಹೋಗಬೇಕು, ಇರುವ ಕುರ್ಚಿಗಳಲ್ಲಿ ಯಾರಿಗೆ ಮೊದಲ ಹಕ್ಕು, ಹಣ ಕಡಿಮೆಯಾದಾಗ ಏನನ್ನು ಬಿಡಬೇಕು ಎಂಬ ಕಠಿಣ ತೀರ್ಮಾನಗಳನ್ನು ಮರುಭೂಮಿಯ ಸಮುದಾಯಗಳಿಂದಲೇ ಬಂದ ನಿರ್ದೇಶಕರು ತಮ್ಮ ನುಡಿಯಲ್ಲಿ, ತಮ್ಮ ರಿವಾಜಿನಲ್ಲಿ ಕೂತು ಹೇಗೆ ಮಾಡುತ್ತಾರೆ ಎಂಬುದಕ್ಕೆ ಕೊಟ್ಟ ಮನ್ನಣೆ ಅದು. ಕೆಲಸದ ಫಲವನ್ನು ಹೊಗಳುವ ಪ್ರಶಸ್ತಿಗಳು ಲೋಕದಲ್ಲಿ ಬೇಕಾದಷ್ಟಿವೆ. ತೀರ್ಮಾನ ಹೇಗಾಯಿತು, ಅದನ್ನು ಮಾಡುವ ಅಧಿಕಾರ ಯಾರಿಂದ ಬಂತು, ತಪ್ಪಾದರೆ ಯಾರಿಗೆ ಉತ್ತರ ಹೇಳಬೇಕು ಎಂದು ಕೇಳುವ ಪ್ರಶಸ್ತಿ ಅಪರೂಪ. ಇಂಥದೊಂದು ಪ್ರಶಸ್ತಿ ಏಕೆ ಬೇಕಾಯಿತು, ಅದು ಏನನ್ನು ಸಾಧಿಸಬಲ್ಲದು, ಏನನ್ನು ಸಾಧಿಸಲಾರದು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆಡಳಿತ ಎಂದ ಕೂಡಲೇ ಕನ್ನಡದಲ್ಲಿ ನಮಗೆ ನೆನಪಾಗುವುದು ಕಚೇರಿ, ಕಡತ, ಮೊಹರು. ಇಲ್ಲಿ ಆ ಪದವನ್ನು ಇನ್ನೂ ಹಿಂದಕ್ಕೆ, ಜನ ತಮ್ಮ ಕಾರುಬಾರನ್ನು ತಾವೇ ನಡೆಸಿಕೊಳ್ಳುವ ಕ್ರಮ ಎಂಬ ಅರ್ಥಕ್ಕೆ ಎಳೆದುಕೊಂಡು ಓದಬೇಕಾಗುತ್ತದೆ.

ಪ್ರಶಸ್ತಿ ಶುರುವಾದದ್ದು 2005ರಲ್ಲಿ. ಮೂಲನಿವಾಸಿಗಳ ಮತ್ತು ಉಳಿದ ಆಸ್ಟ್ರೇಲಿಯನ್ನರ ನಡುವಿನ ಸಾಮರಸ್ಯಕ್ಕಾಗಿ ದುಡಿಯುವ ರಿಕನ್ಸಿಲಿಯೇಷನ್ ಆಸ್ಟ್ರೇಲಿಯ ಎಂಬ ಸಂಸ್ಥೆಯು ಗಣಿ ಕಂಪನಿ ಬಿಎಚ್‌ಪಿಯ ಸಹಯೋಗದಲ್ಲಿ ಅದನ್ನು ಹುಟ್ಟುಹಾಕಿತು. ಮುಂದೆ ಆಸ್ಟ್ರೇಲಿಯನ್ ಇಂಡಿಜಿನಸ್ ಗವರ್ನೆನ್ಸ್ ಇನ್‌ಸ್ಟಿಟ್ಯೂಟ್ ಕೂಡ ಜೊತೆಗೂಡಿತು. ಮೂಲನಿವಾಸಿಗಳ ಹಕ್ಕುಗಳ ಹೋರಾಟದಲ್ಲಿ ದೊಡ್ಡ ಹೆಸರಾದ ಪ್ರೊಫೆಸರ್ ಮಿಕ್ ಡಾಡ್ಸನ್ ಹಲವು ವರ್ಷ ತೀರ್ಪುಗಾರರ ಮಂಡಳಿಯ ಅಧ್ಯಕ್ಷರಾಗಿದ್ದರು. ಆ ಇಸವಿಯನ್ನು ಮರೆಯುವಂತಿಲ್ಲ. ಅದೇ 2005ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯದ ಸಂಸತ್ತು ಆಟ್ಸಿಕ್ ಎಂಬ ರಾಷ್ಟ್ರೀಯ ಮೂಲನಿವಾಸಿ ಆಯೋಗವನ್ನು ರದ್ದು ಮಾಡಿತ್ತು. 1990ರಲ್ಲಿ ಸ್ಥಾಪನೆಯಾದ ಆ ಆಯೋಗಕ್ಕೆ ಮೂಲನಿವಾಸಿಗಳೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಕಳಿಸುತ್ತಿದ್ದರು. ಕೆಳಗೆ ಪ್ರಾದೇಶಿಕ ಪರಿಷತ್ತುಗಳ ಜಾಲವೂ ಇತ್ತು. ಆಯೋಗದ ನಾಯಕತ್ವದ ಮೇಲೆ ಆರೋಪಗಳು ಬಂದಾಗ ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಅದನ್ನು ಮುಚ್ಚುವುದಕ್ಕೆ ಒಪ್ಪಿದವು. ಮೂಲನಿವಾಸಿಗಳು ಆರಿಸಿದ ಒಂದು ಸಂಸ್ಥೆಯ ಸೋಲು, ನೋಡನೋಡುತ್ತ, ಮೂಲನಿವಾಸಿಗಳಿಗೆ ಆಡಳಿತವೇ ಬಾರದು ಎಂಬ ಮಾತಾಗಿ ಪತ್ರಿಕೆಗಳಲ್ಲಿ, ಸಂಸತ್ತಿನಲ್ಲಿ ಹರಡಿತು. ಯಾವುದೋ ಊರಿನ ಬ್ಯಾಂಕು ಮುಳುಗಿದರೆ ಆ ಊರಿನವರಿಗೆಲ್ಲ ಲೆಕ್ಕ ಬಾರದು ಎಂದು ಯಾರೂ ಹೇಳುವುದಿಲ್ಲ. ಇಲ್ಲಿ ಮಾತ್ರ ಹಾಗೆ ಹೇಳಲಾಯಿತು. ಹೊಸ ಪ್ರಶಸ್ತಿ ಆ ಮಾತಿಗೆ ಎದುರಾಗಿ ನಿಂತಿತು: ದೇಶದ ಉದ್ದಗಲಕ್ಕೆ ನೂರಾರು ಮೂಲನಿವಾಸಿ ಸಂಸ್ಥೆಗಳು ಸದ್ದಿಲ್ಲದೆ ಚೆನ್ನಾಗಿ ನಡೆಯುತ್ತಿವೆ, ಅವು ಹೇಗೆ ನಡೆಯುತ್ತಿವೆ ಎಂದು ಹೋಗಿ ನೋಡೋಣ ಎಂಬುದೇ ಅದರ ನಿಲುವು.

ಆಸ್ಟ್ರೇಲಿಯದಲ್ಲಿ 2021ರ ಲೆಕ್ಕದಂತೆ ಅಬೊರಿಜಿನಲ್ ಮತ್ತು ಟೊರೆಸ್ ಜಲಸಂಧಿ ದ್ವೀಪವಾಸಿಗಳ ಸಂಖ್ಯೆ ಸುಮಾರು 9,83,700, ಜನಸಂಖ್ಯೆಯ ಶೇ 3.8. ಈ ಸಣ್ಣ ಜನಸಮುದಾಯ ಕಟ್ಟಿಕೊಂಡ ನೋಂದಾಯಿತ ಸಂಸ್ಥೆಗಳು 3,000ಕ್ಕೂ ಹೆಚ್ಚು. ಸಿಡ್ನಿಯ ರೆಡ್‌ಫರ್ನ್‌ನಲ್ಲಿ 1970ರಲ್ಲಿ ಕಾನೂನು ನೆರವಿನ ಕೇಂದ್ರ, 1971ರಲ್ಲಿ ವೈದ್ಯಕೀಯ ಸೇವೆ ಶುರುವಾದಾಗಿನಿಂದ ಆಸ್ಪತ್ರೆ, ಶಾಲೆ, ಚಿತ್ರಕಲಾ ಕೇಂದ್ರ, ಭೂಮಿಯ ಒಡೆತನ, ರೇಡಿಯೊ ಕೇಂದ್ರ, ವಸತಿ ಹೀಗೆ ಸರ್ಕಾರ ಮಾಡದ ಅಥವಾ ಕೆಟ್ಟದಾಗಿ ಮಾಡಿದ ಕೆಲಸಗಳನ್ನು ಈ ಸಂಸ್ಥೆಗಳು ಹೊತ್ತಿವೆ. ಬಹುಪಾಲು ಸಂಸ್ಥೆಗಳನ್ನು ಇಂದು ಆಳುವ ಕಾನೂನು 2006ರಲ್ಲಿ ಅಂಗೀಕಾರವಾಗಿ 2007ರ ಜುಲೈ 1ರಿಂದ ಜಾರಿಗೆ ಬಂತು. ಅದಕ್ಕೆ ಮೊದಲು ಇದ್ದದ್ದು 1976ರ ಕಾನೂನು. ಇದಕ್ಕೆಂದೇ ಪ್ರತ್ಯೇಕ ರಿಜಿಸ್ಟ್ರಾರ್ ಇದ್ದಾರೆ. ನಮ್ಮಲ್ಲಿ ಸಹಕಾರ ಸಂಘಕ್ಕೆ ಬೈಲಾ ಇರುವಂತೆ ಅಲ್ಲಿ ಪ್ರತಿ ಸಂಸ್ಥೆಗೂ ನಿಯಮಪುಸ್ತಕ ಇರಬೇಕು. ನಿರ್ದೇಶಕರಲ್ಲಿ ಬಹುಮಂದಿ ಮೂಲನಿವಾಸಿಗಳೇ ಆಗಿರಬೇಕು. ಸಂಸ್ಥೆ ಹಳಿ ತಪ್ಪಿದರೆ ನಮ್ಮಲ್ಲಿ ಸಂಘವನ್ನು ಸೂಪರ್‌ಸೀಡ್ ಮಾಡಿ ಆಡಳಿತಾಧಿಕಾರಿಯನ್ನು ಕೂರಿಸುವಂತೆ ರಿಜಿಸ್ಟ್ರಾರ್ ವಿಶೇಷ ಆಡಳಿತಾಧಿಕಾರಿಯನ್ನು ನೇಮಿಸಬಹುದು.

ಕಾನೂನಿನ ಅಳತೆಗೋಲು ಸರಳ. ಹಣಕಾಸು ವರ್ಷ ಮುಗಿದ ಐದು ತಿಂಗಳೊಳಗೆ ಸರ್ವಸದಸ್ಯರ ಸಭೆ ಆಗಬೇಕು. ಕೋರಂ ಇರಬೇಕು, ನಡಾವಳಿ ಬರೆದಿರಬೇಕು, ಲೆಕ್ಕಪತ್ರ ಸಲ್ಲಿಸಿರಬೇಕು. ಇದೆಲ್ಲ ಬೇಡವೆಂಬುದು ಮೂಲನಿವಾಸಿ ನಾಯಕರ ವಾದವಲ್ಲ. ಸಮುದಾಯದ ಹಣ ಸೋರಿಹೋದರೆ ಮೊದಲು ನೋಯುವವರು ಅವರೇ. ಆದರೆ ಈ ಅಳತೆಗೋಲಿಗೆ ಕಾಣುವುದು ಸಂಸ್ಥೆಯ ಒಂದು ಮಗ್ಗುಲು ಮಾತ್ರ. ಇನ್ನೊಂದು ಮಗ್ಗುಲನ್ನು ನೋಡಬೇಕಾದರೆ ಮರುಭೂಮಿಯ ಊರೊಂದರಲ್ಲಿ ಸಭೆ ಹೇಗೆ ಸೇರುತ್ತದೆ ಎಂಬುದನ್ನು ತುಸು ಹತ್ತಿರದಿಂದ ಗಮನಿಸಬೇಕು.

ಮುನ್ನೂರು ಜನರ ಊರು. ಸಭೆಯ ದಿನ ಗೊತ್ತಾಗಿದೆ, ನೂರಾರು ಕಿಲೋಮೀಟರ್ ಆಚೆಯಿಂದ ನಿರ್ದೇಶಕರು ಜೀಪಿನಲ್ಲಿ ಹೊರಟಿದ್ದಾರೆ. ಅಷ್ಟರಲ್ಲಿ ಯಾರೋ ತೀರಿಕೊಂಡ ಸುದ್ದಿ ಬರುತ್ತದೆ. ಆ ಕ್ಷಣದಿಂದ ಸೂತಕ. ತೀರಿಕೊಂಡವರ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಊರಿನ ವ್ಯವಹಾರಗಳೆಲ್ಲ ನಿಲ್ಲುತ್ತವೆ, ಬಂಧುಗಳು ಕೂಡಿ ಅಳುವುದೇ ಮುಖ್ಯ ಕೆಲಸವಾಗುತ್ತದೆ. ಸಭೆ ಮುಂದೂಡದೆ ನಡೆಸಿದರೆ ಕಾನೂನಿನ ಮುಂದೆ ಅದು ಸರಿಯಾದ ಸಭೆ. ಊರಿನ ಕಣ್ಣಿನಲ್ಲಿ ಆ ಸಭೆಯ ಯಾವ ಠರಾವಿಗೂ ಬೆಲೆಯಿಲ್ಲ. ಇಂಥ ಕಾರಣಕ್ಕೆ ಗಡುವು ವಿಸ್ತರಿಸುವ ಅವಕಾಶ ಇಂದಿನ ಕಾನೂನಿನಲ್ಲಿದೆ, ಅದು ಒಳ್ಳೆಯದೇ. ಆದರೆ ಅಲ್ಲಿ ಸೂತಕವೆಂಬುದು ನಿಯಮಕ್ಕೆ ಕೊಟ್ಟ ವಿನಾಯಿತಿ. ಊರಿನವರಿಗೆ ಅದೇ ನಿಯಮ, ಸಭೆಯೇ ಅದಕ್ಕೆ ಹೊಂದಿಕೊಳ್ಳಬೇಕಾದದ್ದು.

ಇದಕ್ಕಿಂತ ತೊಡಕಿನ ಸಂಗತಿ ನೆಂಟಸ್ತಿಕೆ. ಕಂಪನಿ ಕಾನೂನಿನ ಮೂಲಪಾಠ ಇಷ್ಟೆ: ನಿರ್ದೇಶಕನಾದವನು ತನ್ನ ಸ್ವಂತ ಹಿತಾಸಕ್ತಿ ಇರುವ ವಿಷಯವನ್ನು ಮೊದಲೇ ತಿಳಿಸಬೇಕು, ಅಂಥ ತೀರ್ಮಾನದಿಂದ ದೂರ ಇರಬೇಕು. ಮುನ್ನೂರು ಜನರ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಏನಾದರೊಂದು ಆಗಿಯೇ ಇರುತ್ತಾರೆ. ಅಕ್ಕನ ಮಗನಿಗೆ ಕೆಲಸ ಕೊಡುವುದು ಹೊರಗಿನ ಲೆಕ್ಕಪರಿಶೋಧಕರಿಗೆ ಸ್ವಜನಪಕ್ಷಪಾತವಾಗಿ ಕಾಣುತ್ತದೆ; ಕೊಡದಿದ್ದರೆ ಊರಿನಲ್ಲಿ ಅದು ಕರ್ತವ್ಯಲೋಪ. ಇಲ್ಲಿ ಒಳ್ಳೆಯ ಆಡಳಿತವೆಂದರೆ ನೆಂಟಸ್ತಿಕೆಯನ್ನು ಅಳಿಸಿಹಾಕುವುದಲ್ಲ, ಅದು ಆಗುವ ಮಾತೂ ಅಲ್ಲ. ಆ ಬಾಂಧವ್ಯವನ್ನು ಬಯಲಿನಲ್ಲಿಟ್ಟು, ಒಂದು ಕುಟುಂಬದ ಕೈ ಮೇಲಾಗದಂತೆ ವ್ಯವಸ್ಥೆ ಮಾಡುವುದೇ ಒಳ್ಳೆಯ ಆಡಳಿತ. ಅನೇಕ ಸಂಸ್ಥೆಗಳು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿವೆ. ಕೆಲವು ಕಡೆ ಪ್ರತಿ ಕುಟುಂಬ ಸಮೂಹದಿಂದ ಒಬ್ಬರು ನಿರ್ದೇಶಕರಿರಬೇಕೆಂದು ನಿಯಮಪುಸ್ತಕದಲ್ಲೇ ಬರೆದುಕೊಂಡಿದ್ದಾರೆ. ಇನ್ನು ಕೆಲವು ಕಡೆ ಹಿರಿಯರ ಮಂಡಳಿ ಬೇರೆ, ನಿರ್ದೇಶಕ ಮಂಡಳಿ ಬೇರೆ. ಭೂಮಿ, ಆಚರಣೆ, ಪವಿತ್ರ ಸ್ಥಳಗಳ ಮಾತು ಹಿರಿಯರದು, ಹಣ ಮತ್ತು ಒಪ್ಪಂದಗಳ ಮಾತು ನಿರ್ದೇಶಕರದು, ಒಂದರ ಮಾತನ್ನು ಇನ್ನೊಂದು ಮೀರುವಂತಿಲ್ಲ.

ಹೆಂಗಸರ ಮಾತು ಗಂಡಸರ ಸಭೆಯಲ್ಲಿ ಕೇಳದೇ ಹೋದಾಗ ಹೆಂಗಸರೇ ತಮ್ಮ ಸಂಸ್ಥೆ ಕಟ್ಟಿಕೊಂಡ ಉದಾಹರಣೆಯೂ ಇದೆ. ದಕ್ಷಿಣ ಆಸ್ಟ್ರೇಲಿಯ, ಪಶ್ಚಿಮ ಆಸ್ಟ್ರೇಲಿಯ, ಉತ್ತರ ಪ್ರಾಂತ್ಯ ಈ ಮೂರೂ ಗಡಿಗಳು ಕೂಡುವ ಸುಮಾರು 3,50,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಕೆಲಸ ಮಾಡುವ ಎನ್‌ಪಿವೈ (ಅಲ್ಲಿನ ಮೂರು ಜನಸಮುದಾಯಗಳ ಹೆಸರಿನ ಮೊದಲಕ್ಷರಗಳು) ಮಹಿಳಾ ಪರಿಷತ್ತು 1980ರಲ್ಲಿ ಹುಟ್ಟಿದ್ದು ಹಾಗೆ. ಆಗ ಪಿಟ್ಜಂಜಟ್ಜರ ಜನರ ಭೂಹಕ್ಕಿನ ಮಾತುಕತೆಗಳು ನಡೆಯುತ್ತಿದ್ದವು, ಭೂಮಿಯ ಮೇಲೆ ತಮಗೂ ಹಕ್ಕಿದೆ ಎನ್ನುವ ಹೆಂಗಸರನ್ನು ಆ ಮಾತುಕತೆಗಳಲ್ಲಿ ಕೇಳುವವರಿರಲಿಲ್ಲ. ಅವರ ಸರ್ವಸದಸ್ಯರ ಸಭೆ ಬಯಲಿನ ಶಿಬಿರದಲ್ಲಿ, ನೆಲದ ಮೇಲೆ ಕೂತು, ತಮ್ಮ ನುಡಿಗಳಲ್ಲಿ ನಡೆಯುತ್ತದೆ. ಮೂರು ರಾಜ್ಯಗಳ ಗೆರೆಗಳು ಸರ್ಕಾರದ ನಕ್ಷೆಯಲ್ಲಿವೆ. ಅವರ ಬಳಗದ ನಕ್ಷೆಯಲ್ಲಿ ಆ ಗೆರೆಗಳಿಲ್ಲ, ಆದ್ದರಿಂದ ಸಂಸ್ಥೆಯೂ ಮೂರಾಗಿ ಒಡೆಯಲಿಲ್ಲ.

ಆಡಳಿತಕ್ಕೂ ಸಂಸ್ಕೃತಿಗೂ ಇರುವ ಈ ನಂಟನ್ನು ಮೊದಲು ಗಟ್ಟಿಯಾಗಿ ಹೇಳಿದ್ದು ಅಮೆರಿಕದ ಅಧ್ಯಯನ. 1987ರಲ್ಲಿ ಸ್ಟೀಫನ್ ಕಾರ್ನೆಲ್ ಮತ್ತು ಜೋಸೆಫ್ ಕಾಲ್ಟ್ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆ ಕೇಳಿದ ಪ್ರಶ್ನೆ ಹೀಗಿತ್ತು: ಒಂದೇ ಬಗೆಯ ಬಡತನ, ಒಂದೇ ಕಾನೂನು ಇರುವ ಅಮೆರಿಕನ್ ಇಂಡಿಯನ್ ಪ್ರದೇಶಗಳಲ್ಲಿ ಕೆಲವು ಮಾತ್ರ ಏಕೆ ಚೇತರಿಸಿಕೊಂಡವು? 1934ರ ಕಾನೂನಿನಡಿ ಬಹಳಷ್ಟು ಬುಡಕಟ್ಟುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನ ಸಂವಿಧಾನವನ್ನು ಪಡೆದಿದ್ದವು. ಬಲಶಾಲಿ ನಾಯಕನ ಕೈಯಲ್ಲಿ ಅಧಿಕಾರವನ್ನು ಕೇಂದ್ರೀಕರಿಸುವ ರೂಢಿಯಿದ್ದ ವೈಟ್ ಮೌಂಟನ್ ಅಪಾಚೆಗಳಿಗೆ ಆ ಅಚ್ಚು ಒಗ್ಗಿತು. ಅರಣ್ಯ, ಮರದ ಕಾರ್ಖಾನೆ, ಪ್ರವಾಸೋದ್ಯಮ ಎಲ್ಲವನ್ನೂ ಅವರು ನಡೆಸಿಕೊಂಡರು. ಅಧಿಕಾರವನ್ನು ಹಂಚಿಟ್ಟು ಒಬ್ಬರ ಕೈಗೆ ಬಿಡದಿರುವ ರೂಢಿಯ ಲಕೋಟರಿಗೆ, ಪೈನ್ ರಿಡ್ಜ್‌ನಲ್ಲಿ, ಅದೇ ಅಚ್ಚು ಕಲಹವನ್ನು ತಂದಿತು. ಸಂಸ್ಥೆಯ ಚೌಕಟ್ಟು ಜನರ ಮನಸ್ಸಿನಲ್ಲಿರುವ ನ್ಯಾಯದ ಕಲ್ಪನೆಗೆ ಒಪ್ಪಬೇಕು ಎಂಬುದು ಅವರ ಮುಖ್ಯ ಕಾಣ್ಕೆ. ಆ ಯೋಜನೆಯೇ 1998ರಲ್ಲಿ ಬುಡಕಟ್ಟು ಸರ್ಕಾರಗಳ ಉತ್ತಮ ಆಡಳಿತವನ್ನು ಗುರುತಿಸುವ ಆನರಿಂಗ್ ನೇಷನ್ಸ್ ಎಂಬ ಪ್ರಶಸ್ತಿಯನ್ನೂ ಆರಂಭಿಸಿತು. ಆಸ್ಟ್ರೇಲಿಯದಲ್ಲಿ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ರಿಕನ್ಸಿಲಿಯೇಷನ್ ಆಸ್ಟ್ರೇಲಿಯದ ಜೊತೆಗೂಡಿ 2004ರಿಂದ ಹಲವು ಸಮುದಾಯಗಳಲ್ಲಿ ಇಂಥದೇ ಅಧ್ಯಯನ ನಡೆಸಿದರು. ಹಳೆಯ ರೂಪವನ್ನು ಹಾಗೆಯೇ ಉಳಿಸಿಕೊಳ್ಳಬೇಕು ಎಂದು ಅವರು ಹೇಳಲಿಲ್ಲ. ಹೊಸ ನಿಯಮವನ್ನು ಜನ ತಾವೇ ಕೂತು ರೂಪಿಸಿದ್ದರೆ ಅದನ್ನು ತಮ್ಮದೆಂದು ಒಪ್ಪುತ್ತಾರೆ ಎಂಬುದು ಅವರಿಗೆ ಮತ್ತೆ ಮತ್ತೆ ಕಂಡ ಸತ್ಯ.

ಪ್ರಶಸ್ತಿಯ ಮಾನದಂಡಗಳಲ್ಲಿ ಇದರ ಗುರುತು ಕಾಣುತ್ತದೆ. ಹೊಸತನ, ಪರಿಣಾಮಕಾರಿತ್ವ, ಮುಂದಿನ ದಿನಗಳಿಗೆ ಸಿದ್ಧತೆ ಇವು ಯಾವ ಪ್ರಶಸ್ತಿಯಲ್ಲಾದರೂ ಇರುವಂಥವು. ಅವುಗಳ ಜೊತೆಗೆ ಸ್ವನಿರ್ಣಯವನ್ನೂ, ಸಮುದಾಯದ ಒಪ್ಪಿಗೆಯನ್ನೂ ಸಂಸ್ಕೃತಿಯೊಂದಿಗಿನ ಹೊಂದಾಣಿಕೆಯನ್ನೂ ಅಳೆಯುತ್ತಾರೆ. ಅಂತಿಮ ಪಟ್ಟಿಗೆ ಬಂದ ಸಂಸ್ಥೆಗಳಿದ್ದಲ್ಲಿಗೇ ತೀರ್ಪುಗಾರರು ಹೋಗುತ್ತಾರೆ. ನನಗೆ ಇದು ದೊಡ್ಡ ಮಾತಾಗಿ ಕಾಣುತ್ತದೆ, ಏಕೆಂದರೆ ಆಡಳಿತದ ಗುಣವನ್ನು ಅರ್ಜಿಯ ಕಾಗದದಲ್ಲಿ ಓದಲಾಗದು. ಹಾಲಿನ ಡೇರಿಯ ಸರ್ವಸದಸ್ಯರ ಸಭೆಗೆ ಒಮ್ಮೆ ಹೋಗಿ ಕೂತವರಿಗೆ ಇದು ಗೊತ್ತು. ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದು ಬರೆದಿರುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಹೆಂಗಸರಲ್ಲಿ ಯಾರಾದರೂ ಎದ್ದು ಪ್ರಶ್ನೆ ಕೇಳಿದರೇ, ಕೇಳಿದಾಗ ಅಧ್ಯಕ್ಷರು ಅವರ ಕಡೆಗೆ ತಿರುಗಿದರೇ ಎಂಬುದು ಆ ಪುಸ್ತಕದಲ್ಲಿ ಇರುವುದಿಲ್ಲ.

ಪರ್ಪಲ್ ಹೌಸ್ ಗೆದ್ದ ವರ್ಷವೇ, ನೋಂದಣಿಯಿಲ್ಲದ ಸಂಸ್ಥೆಗಳ ವಿಭಾಗದಲ್ಲಿ, ಮುರ್ಡಿ ಪಾಕಿ ಪ್ರಾದೇಶಿಕ ಸಭೆ ಗೆದ್ದಿತು. ಈ ಗೆಲುವನ್ನು ನಾನು ಇನ್ನೂ ಮುಖ್ಯವೆಂದು ಎಣಿಸುತ್ತೇನೆ. ನ್ಯೂ ಸೌತ್ ವೇಲ್ಸ್‌ನ ದೂರದ ಪಶ್ಚಿಮದಲ್ಲಿ ಬರ್ಕ್, ಬ್ರೂವಾರಿನ, ವಾಲ್ಗೆಟ್, ವಿಲ್ಕಾನಿಯ ಮುಂತಾದ 16 ಸಮುದಾಯಗಳಿವೆ. ಆಟ್ಸಿಕ್ ಇದ್ದಾಗ ಅವುಗಳಿಗೆಲ್ಲ ಸೇರಿ ಒಂದು ಪ್ರಾದೇಶಿಕ ಪರಿಷತ್ತಿತ್ತು. 2005ರಲ್ಲಿ ಆಟ್ಸಿಕ್ ಹೋಯಿತು, ಅದರೊಂದಿಗೆ ಪರಿಷತ್ತೂ ಹೋಗಬೇಕಿತ್ತು. ಹೋಗಲಿಲ್ಲ. ಪ್ರತಿ ಊರಿನ ಕಾರ್ಯಸಮಿತಿಯ ಪ್ರತಿನಿಧಿಗಳು ಕೂಡಿ ಸಭೆ ಸೇರುವುದನ್ನು ಮುಂದುವರಿಸಿದರು. ಕಾನೂನಿನ ಆಸರೆ ಹೋಗಿತ್ತು, ಸಭೆ ಸೇರಲೇಬೇಕೆಂಬ ಕಟ್ಟುಪಾಡು ಯಾವ ಕಡೆಯಿಂದಲೂ ಇರಲಿಲ್ಲ. ಆದರೂ ಆ ಸಭೆ ಉಳಿಯಿತು, ತನ್ನದೇ ಸನ್ನದನ್ನು ಬರೆದುಕೊಂಡಿತು, ಎಳೆಯರನ್ನು ನಾಯಕತ್ವಕ್ಕೆ ತಯಾರು ಮಾಡುವ ಕೆಲಸವನ್ನೂ ಹಿಡಿಯಿತು. 2015ರಲ್ಲಿ ರಾಜ್ಯ ಸರ್ಕಾರವು ಅದೇ ಸಭೆಯ ಜೊತೆ ಸ್ಥಳೀಯ ತೀರ್ಮಾನಗಳ ಕುರಿತ ಒಪ್ಪಂದಕ್ಕೆ ಸಹಿ ಹಾಕಿತು. ಮೂಲನಿವಾಸಿಗಳಿಗೆ ಆಡಳಿತ ಬಾರದೆಂದು ಮುಚ್ಚಿಸಿದ ವ್ಯವಸ್ಥೆಯ ಒಂದು ಕೊಂಬೆ, ಜನರ ಒಪ್ಪಿಗೆಯ ಬಲದಿಂದಲೇ ಹತ್ತು ವರ್ಷ ಬದುಕಿ, ಸರ್ಕಾರವೇ ಅದರೆದುರು ಬಂದು ಕೂರುವಂತೆ ಮಾಡಿತು. ಒಂದು ಸಂಸ್ಥೆಗೆ ಜನರ ಮನ್ನಣೆ ಇದೆಯೇ ಎಂಬುದಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ನನಗೆ ಹೊಳೆಯುತ್ತಿಲ್ಲ.

ಹಣದ ವಿಷಯದಲ್ಲಿ 2018ರ ವಿಜೇತರಲ್ಲಿ ಒಂದಾದ ವಾರ್ಲ್‌ಪಿರಿ ಶಿಕ್ಷಣ ಟ್ರಸ್ಟಿನ ಸಲಹಾ ಸಮಿತಿಯನ್ನು ನೋಡಬೇಕು. ಟನಾಮಿ ಮರುಭೂಮಿಯ ಚಿನ್ನದ ಗಣಿಯಿಂದ ವಾರ್ಲ್‌ಪಿರಿ ಜನರಿಗೆ ರಾಜಧನ (ರಾಯಲ್ಟಿ) ಬರುತ್ತದೆ. ಅದರ ಒಂದು ಪಾಲನ್ನು ಮನೆಮನೆಗೆ ಹಂಚದೆ ಮಕ್ಕಳ ಓದಿಗೆ ಇಡಬೇಕೆಂಬ ಯೋಚನೆ ಬಂದದ್ದು ಅಲ್ಲಿನ ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ವಾರ್ಲ್‌ಪಿರಿ ಹೆಂಗಸರಿಗೆ. ಟ್ರಸ್ಟು 2005ರಲ್ಲಿ ಆರಂಭವಾಯಿತು. ಯುಯೆಂಡುಮು, ಲಜಮಾನು, ನಿರ್‌ಪಿ, ವಿಲ್ಲೋರ ಎಂಬ ನಾಲ್ಕು ಊರುಗಳಲ್ಲಿ ಎಳೆಯ ಮಕ್ಕಳ ಕಲಿಕೆಗೆ, ಮನೆಮಾತು ಮತ್ತು ಇಂಗ್ಲಿಷ್ ಎರಡರಲ್ಲೂ ನಡೆಯುವ ಶಿಕ್ಷಣಕ್ಕೆ ಆ ಹಣ ಹೋಗುತ್ತದೆ. ಕೈಗೆ ಬಂದ ಹಣವನ್ನು ಹಂಚಿಕೊಳ್ಳುವುದು ಬಡವರಿಗೆ ಸಹಜವಾದ ಆಸೆ, ಅದರಲ್ಲಿ ತಪ್ಪೇನಿಲ್ಲ. ನೆಂಟರ ಎದುರು ನಿಂತು ‘ಇದು ಮಕ್ಕಳದು’ ಎಂದು ವರ್ಷ ವರ್ಷವೂ ಹೇಳುವುದಕ್ಕೆ ಬೇಕಾದ ನೈತಿಕ ಬಲ ಆ ಶಿಕ್ಷಕಿಯರಿಗೆ ಊರಿನೊಳಗಿಂದಲೇ ಬಂದಿತ್ತು. ಹೊರಗಿನ ಆಡಳಿತಾಧಿಕಾರಿ ಅದೇ ಮಾತನ್ನು ಹೇಳಿದ್ದರೆ ಅದು ದಬ್ಬಾಳಿಕೆಯಾಗುತ್ತಿತ್ತು.

ಇಷ್ಟು ಹೇಳಿದ ಮೇಲೆ ಅನುಮಾನಗಳನ್ನೂ ಮುಂದಿಡಬೇಕು. ಮೊದಲನೆಯದು ಪ್ರಶಸ್ತಿಯ ಹಿಂದಿನ ಹಣ. ಆಸ್ಟ್ರೇಲಿಯದಲ್ಲಿ ಗಣಿ ಕಂಪನಿಗಳಿಗೂ ಮೂಲನಿವಾಸಿಗಳಿಗೂ ಭೂಮಿಯ ಬಗ್ಗೆ ದೀರ್ಘ ತಕರಾರಿದೆ. 2020ರ ಮೇ ತಿಂಗಳಲ್ಲಿ ಇನ್ನೊಂದು ಗಣಿ ಕಂಪನಿಯಾದ ರಿಯೊ ಟಿಂಟೊ, ಪಶ್ಚಿಮ ಆಸ್ಟ್ರೇಲಿಯದ ಜೂಕನ್ ಕಣಿವೆಯಲ್ಲಿ ಸುಮಾರು 46,000 ವರ್ಷಗಳ ಮಾನವ ವಾಸದ ಕುರುಹು ಇದ್ದ ಬಂಡೆಯಾಸರೆಗಳನ್ನು ಸ್ಫೋಟಿಸಿತು. ಆ ನೆಲದ ವಾರಸುದಾರರ ಸಂಸ್ಥೆ ಸ್ಥಳದ ಮಹತ್ವವನ್ನು ಮೊದಲೇ ತಿಳಿಸಿತ್ತು, ಆದರೂ ರಾಜ್ಯದ ಕಾನೂನಿನ ಪ್ರಕಾರ ಸ್ಫೋಟಕ್ಕೆ ಅನುಮತಿ ಇತ್ತು. ಮೂಲನಿವಾಸಿ ಸಂಸ್ಥೆ ಎಷ್ಟೇ ಅಚ್ಚುಕಟ್ಟಾಗಿ ನಡೆಯುತ್ತಿರಲಿ, ಅದರ ಮಾತಿಗೆ ಕಾನೂನಿನಲ್ಲಿ ತಡೆಯುವ ಶಕ್ತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಆ ಘಟನೆ ತೋರಿಸಿತು. ಬಿಎಚ್‌ಪಿಯ ಹಣದಿಂದ ನಡೆದ ಕಾರಣಕ್ಕೇ ಈ ಪ್ರಶಸ್ತಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ; ತೀರ್ಪುಗಾರಿಕೆಯಲ್ಲಿ ಮೂಲನಿವಾಸಿ ನಾಯಕರಿದ್ದಾರೆ, ಅದು ದೊಡ್ಡ ಭದ್ರತೆ. ಆದರೆ ನಿಮ್ಮ ಆಡಳಿತ ಚೆನ್ನಾಗಿದೆ ಎಂದು ಮೆಚ್ಚುವುದು ಸುಲಭ. ಆ ಆಡಳಿತ ಒಂದು ದಿನ ‘ಇಲ್ಲಿ ಅಗೆಯಬೇಡಿ’ ಎಂದಾಗ ಒಪ್ಪುವುದು ಬೇರೆಯೇ ಮಾತು.

ಎರಡನೆಯ ಅನುಮಾನ ಅಪವಾದದ ಅಪಾಯ. ಒಬ್ಬರಿಗೆ ಪ್ರಶಸ್ತಿ ಕೊಟ್ಟರೆ, ಉಳಿದವರೆಲ್ಲ ಹಾಗಿಲ್ಲವೇನೋ ಎಂಬ ನೆರಳು ಬೀಳುತ್ತದೆ. ಒಳ್ಳೆಯ ಸಂಸ್ಥೆಯನ್ನು ತೋರಿಸಿ ತೊಂದರೆಯಲ್ಲಿರುವ ಸಂಸ್ಥೆಗೆ ‘ನಿಮ್ಮಿಂದ ಏಕೆ ಆಗುವುದಿಲ್ಲ’ ಎಂದು ಕೇಳುವುದು ಅಧಿಕಾರಿಗಳಿಗೆ ಸುಲಭವಾಗುತ್ತದೆ. ತೊಂದರೆಯ ಬೇರು ಬಹಳ ಸಲ ಸಂಸ್ಥೆಯೊಳಗೆ ಇರುವುದೇ ಇಲ್ಲ. ಒಂದು ಮೂಲನಿವಾಸಿ ಆರೋಗ್ಯ ಸಂಸ್ಥೆಗೆ ಬೇರೆ ಬೇರೆ ಇಲಾಖೆಗಳಿಂದ ಹತ್ತಾರು ಸಣ್ಣ ಅನುದಾನಗಳು ಬರುತ್ತವೆ, ಪ್ರತಿಯೊಂದಕ್ಕೂ ಬೇರೆ ಒಪ್ಪಂದ, ಬೇರೆ ಅವಧಿ, ಬೇರೆ ನಮೂನೆಯ ವರದಿ. ಕಚೇರಿಯ ಒಬ್ಬಿಬ್ಬರು ಸಿಬ್ಬಂದಿ ರೋಗಿಗಳ ಮುಖ ನೋಡುವುದನ್ನು ಬಿಟ್ಟು ಅದರಲ್ಲೇ ಮುಳುಗುತ್ತಾರೆ. ಹೀಗೆ ಮೇಲಿನವರಿಗೆ ಉತ್ತರ ಹೇಳುವುದರಲ್ಲೇ ದಣಿದ ಸಂಸ್ಥೆಗೆ ತನ್ನ ಜನರಿಗೆ ಉತ್ತರ ಹೇಳಲು ಬಿಡುವು ಉಳಿಯುವುದಿಲ್ಲ. ಅನುದಾನ ಕೊಡುವವರ ಆಡಳಿತಕ್ಕೂ ಒಂದು ಅಳತೆಗೋಲು ಬೇಕು ಎಂಬ ವಾದದಲ್ಲಿ ನ್ಯಾಯವಿದೆ.

2020ರ ಜುಲೈನಲ್ಲಿ ಆಸ್ಟ್ರೇಲಿಯದ ಎಲ್ಲ ಸರ್ಕಾರಗಳೂ ಮೂಲನಿವಾಸಿ ಸಂಸ್ಥೆಗಳ ಒಕ್ಕೂಟವೂ ಮೂಲನಿವಾಸಿಗಳ ಮತ್ತು ಉಳಿದವರ ಬದುಕಿನ ನಡುವಣ ಅಂತರವನ್ನು ತಗ್ಗಿಸಲೆಂದು ಸಹಿ ಹಾಕಿದ ರಾಷ್ಟ್ರೀಯ ಒಪ್ಪಂದ ಈ ವಾದವನ್ನು ಕಾಗದದ ಮೇಲೆ ಒಪ್ಪಿಕೊಂಡಿದೆ. ಅದರ ನಾಲ್ಕು ಆದ್ಯತೆಯ ಸುಧಾರಣೆಗಳಲ್ಲಿ ಒಂದು, ಸಮುದಾಯದ ಹತೋಟಿಯಲ್ಲಿರುವ ಸಂಸ್ಥೆಗಳನ್ನು ಬಲಪಡಿಸುವುದು. ಇನ್ನೊಂದು, ಸರ್ಕಾರಿ ಇಲಾಖೆಗಳು ತಾವೇ ಬದಲಾಗುವುದು. 2023ರ ಅಕ್ಟೋಬರ್ 14ರ ಜನಮತಗಣನೆಯಲ್ಲಿ ಮೂಲನಿವಾಸಿಗಳ ದನಿಗೆ (ಸಂಸತ್ತಿಗೂ ಸರ್ಕಾರಕ್ಕೂ ಸಲಹೆ ಕೊಡುವ ಅವರ ಮಂಡಳಿಗೆ) ಸಂವಿಧಾನದಲ್ಲಿ ಜಾಗ ಕೊಡುವ ಪ್ರಸ್ತಾಪವನ್ನು ಸುಮಾರು ಶೇ 60ರಷ್ಟು ಮತದಾರರು ತಿರಸ್ಕರಿಸಿದ ಮೇಲೆ ಈ ಒಪ್ಪಂದದ ಭಾರ ಇನ್ನೂ ಹೆಚ್ಚಾಯಿತು. ಆದರೆ 2024ರ ಆರಂಭದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವ ಸ್ವತಂತ್ರ ಸಂಸ್ಥೆಯಾದ ಪ್ರೊಡಕ್ಟಿವಿಟಿ ಕಮಿಷನ್ ಹೊರತಂದ ಮೊದಲ ಪರಿಶೀಲನಾ ವರದಿ, ಸರ್ಕಾರಗಳು ತೀರ್ಮಾನದ ಅಧಿಕಾರವನ್ನು ಹಂಚಿಕೊಳ್ಳುವಲ್ಲಿ ಬಹುಮಟ್ಟಿಗೆ ಸೋತಿವೆ, ಹಳೆಯ ರೂಢಿಯಲ್ಲೇ ನಡೆದಿವೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿತು.

ಕನ್ನಡದ ಓದುಗರಿಗೆ ಇದು ದೂರದ ಸಂಗತಿಯಲ್ಲ. ಆಸ್ಟ್ರೇಲಿಯ ತನ್ನ ಮೂಲನಿವಾಸಿ ಸಂಸ್ಥೆಗಳ ಕಾನೂನನ್ನು ಅಂಗೀಕರಿಸಿದ 2006ರಲ್ಲಿಯೇ ನಮ್ಮ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. ಕಾಡಿನ ಬಗೆಗಿನ ತೀರ್ಮಾನದಲ್ಲಿ ಗ್ರಾಮಸಭೆಗೆ ಕಾನೂನಿನ ಸ್ಥಾನ ಬಂದದ್ದು ಅದರಿಂದ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳು 2011ರಲ್ಲಿ ಸಮುದಾಯ ಅರಣ್ಯ ಹಕ್ಕನ್ನು ಪಡೆದವು. ಹುಲಿ ಮೀಸಲು ಪ್ರದೇಶವೊಂದರಲ್ಲಿ ಹಾಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ನೀಲಗಿರಿ ಜೀವಗೋಳದ ಆದಿವಾಸಿಗಳೇ ಷೇರುದಾರರಾಗಿರುವ ಆದಿಮಲೈ ಎಂಬ ಉತ್ಪಾದಕರ ಕಂಪನಿಗೆ 2021ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅದು ನಿಸರ್ಗವನ್ನು ಕಾಪಾಡುತ್ತ ಬಾಳುವ ಸಮುದಾಯಗಳಿಗೆ ಸಲ್ಲುವ ಪ್ರಶಸ್ತಿ, ಯೋಗ್ಯರಿಗೇ ಸಂದಿದೆ. ಆದರೆ ಜೇನು ಎಷ್ಟು ಬಂತು, ಕಾಡು ಎಷ್ಟು ಉಳಿಯಿತು ಎಂದು ಕೇಳುವವರು ನಮ್ಮಲ್ಲಿದ್ದಾರೆ; ಪೋಡಿನ (ಆದಿವಾಸಿ ಹಾಡಿಯ) ಹಿರಿಯರೂ ಹೆಂಗಸರೂ ಓದಿದ ಹುಡುಗರೂ ಒಂದೇ ಸಭೆಯಲ್ಲಿ ಕೂತು ಆ ಜೇನಿನ ಬಗ್ಗೆ ಹೇಗೆ ತೀರ್ಮಾನಿಸಿದರು ಎಂದು ಕೇಳುವ ಮನ್ನಣೆಯನ್ನು ನಾವು ಇನ್ನೂ ರೂಪಿಸಿಕೊಂಡಿಲ್ಲ. ಅದಕ್ಕಿಂತ ಮೊದಲು ಆ ಸಭೆಯ ಠರಾವನ್ನು ಇಲಾಖೆಗಳು ತೀರ್ಮಾನವೆಂದು ಒಪ್ಪಬೇಕು, ಸಲಹೆಯೆಂದು ಕಡತಕ್ಕೆ ಸೇರಿಸಬಾರದು.

ಮನ್ನಣೆಯಲ್ಲಿಯೂ ಬಗೆಗಳಿವೆ ಎಂಬುದಕ್ಕೆ ಮತ್ತೆ ಪರ್ಪಲ್ ಹೌಸ್‌ಗೇ ಬರಬೇಕು. 2000ದ ಹರಾಜಿನಿಂದ ಬಂದ ಹಣ ಎಂದೆಂದಿಗೂ ಸಾಲುವಂಥದ್ದಾಗಿರಲಿಲ್ಲ. ಮರುಭೂಮಿಯ ಡಯಾಲಿಸಿಸ್ ಕುರ್ಚಿಗಳಿಗೆ ಖಾಯಂ ಹಣ ಸಿಗುವಂತೆ ಮಾಡಲು ನಿರ್ದೇಶಕರೂ ರೋಗಿಗಳೂ ವರ್ಷಗಟ್ಟಲೆ ಸರ್ಕಾರದ ಬಾಗಿಲು ತಟ್ಟಿದರು. 2016ರಲ್ಲಿ ಪ್ರಶಸ್ತಿ ಬಂತು. 2018ರ ನವೆಂಬರ್‌ನಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಆರೋಗ್ಯ ವಿಮೆಯಾದ ಮೆಡಿಕೇರ್ ತನ್ನ ದರಪಟ್ಟಿಗೆ ಹೊಸದೊಂದು ಸಾಲನ್ನು ಸೇರಿಸಿತು: ಅತಿ ದೂರದ ಊರುಗಳಲ್ಲಿ ನರ್ಸ್ ಅಥವಾ ಅಬೊರಿಜಿನಲ್ ಆರೋಗ್ಯ ಕಾರ್ಯಕರ್ತರ ನಿಗಾದಲ್ಲಿ ನಡೆಯುವ ಪ್ರತಿ ಡಯಾಲಿಸಿಸ್‌ಗೂ ಇನ್ನು ಮುಂದೆ ಹಣ ಸಲ್ಲುತ್ತದೆ. ಕಿಂಟೋರ್‌ನ ಕುರ್ಚಿಯಲ್ಲಿ ಯಾರಾದರೂ ಕೂತಾಗಲೆಲ್ಲ, ವಾರಕ್ಕೆ ಮೂರು ಸಲ, ಆ ಸಾಲಿನ ಅಡಿಯಲ್ಲಿ ಒಂದು ಬಿಲ್ಲು ಹೋಗುತ್ತದೆ.